475 ಡಾಲರಿನ ಹುಡುಗಿಯ ಜಾಡು ಹಿಡಿದು

ಹತ್ತೊಂಬತ್ತನೇ ಶತಮಾನದ ಅಮೆರಿಕದ ಹಳ್ಳಿಗಾಡಿನಲ್ಲಿ ಬದುಕಿದ್ದ ಬಿಳಿಯ ರೈತನೊಬ್ಬನ ವಂಶಾವಳಿ ಹುಡುಕುವುದು ಅಂಥ ಕಷ್ಟವೇನಲ್ಲ. ಅಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆದಿದೆ. ಮೊದಮೊದಲು ಮನೆಯ ಯಜಮಾನನ ಹೆಸರನ್ನಷ್ಟೇ ಬರೆಯುತ್ತಿದ್ದರು. 1850ರಿಂದ ಮನೆಯಲ್ಲಿದ್ದ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರೂ ಸೇರಿತು. ಜಮೀನಿನ ಪತ್ರಗಳು, ಸೈನಿಕರ ಪಿಂಚಣಿ ಕಡತಗಳೂ ನೆರವಿಗೆ ಬರುತ್ತವೆ.

ತೊಡಕಿರುವುದು ಆ ‘ಸ್ವತಂತ್ರ’ ಎಂಬ ಪದದಲ್ಲಿ. ಗುಲಾಮರಿಗಾಗಿ 1850 ಮತ್ತು 1860ರಲ್ಲಿ ಬೇರೆಯೇ ಪಟ್ಟಿ ಮಾಡಲಾಯಿತು. ಅದರಲ್ಲಿ ಹೆಸರಿದ್ದುದು ಒಡೆಯನಿಗೆ. ಗುಲಾಮರ ವಯಸ್ಸು, ಲಿಂಗ, ಮೈಬಣ್ಣವನ್ನು ಬರೆದುಕೊಂಡರೇ ಹೊರತು ಸಾಮಾನ್ಯವಾಗಿ ಹೆಸರನ್ನಲ್ಲ. ಗುಲಾಮಗಿರಿ ರದ್ದಾದದ್ದು 1865ರಲ್ಲಿ. ಹೀಗಾಗಿ ಬಿಡುಗಡೆ ಹೊಂದಿದವರೆಲ್ಲ ಹೆಸರಿನೊಂದಿಗೆ ಜನಗಣತಿಯಲ್ಲಿ ಕಾಣಿಸಿಕೊಂಡದ್ದು 1870ರಲ್ಲಿ. ವಂಶಾವಳಿ ಸಂಶೋಧಕರು ಇದನ್ನು ‘1870ರ ಗೋಡೆ’ ಎನ್ನುತ್ತಾರೆ.

ಗೋಡೆ ದಾಟಬೇಕಾದರೆ ಒಡೆಯನ ಕಾಗದಪತ್ರಗಳನ್ನು ಜಾಲಾಡಬೇಕು. ಅಜ್ಜಿಯನ್ನು ಆಸ್ತಿಯ ಲೆಕ್ಕದಲ್ಲಿ ಹುಡುಕಬೇಕು.

ಮಿಶೆಲ್ ಒಬಾಮ ಅವರ ತಾಯಿಯ ಕಡೆಯಿಂದ ಐದು ತಲೆಮಾರು ಹಿಂದಿನ ಮೆಲ್ವಿನಿಯಾ ಸಿಕ್ಕಿದ್ದೂ ಹೀಗೆಯೇ. ಸಂಶೋಧಕಿ ಮೇಗನ್ ಸ್ಮೋಲೆನ್ಯಾಕ್ ಅವರ ನೆರವಿನಿಂದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ 2009ರಲ್ಲಿ ಈ ಕಥೆಯನ್ನು ಹೊರತಂದಿತು. ಸೌತ್ ಕೆರೊಲಿನಾದ ಡೇವಿಡ್ ಪ್ಯಾಟರ್ಸನ್ ಎಂಬ ಮುದುಕ ಜಮೀನ್ದಾರ 1850ರಲ್ಲಿ ಉಯಿಲು ಬರೆದ. ನೂಲುವ ರಾಟೆ, ಕುಡುಗೋಲು, ದನಕರುಗಳ ಸಾಲಿನಲ್ಲೇ ಸುಮಾರು ಆರು ವರ್ಷದ ಆ ಹುಡುಗಿಯೂ ಇದ್ದಳು. ಅವನು ಸತ್ತ ಮೇಲೆ ಆಸ್ತಿಗೆ ಬೆಲೆ ಕಟ್ಟಿದವರು ಆಕೆಗೆ ಗೊತ್ತುಮಾಡಿದ್ದು 475 ಡಾಲರ್. ಹೀಗೆ ಬರೆದಿಟ್ಟ ಬೆಲೆಯೇ ಇಂದು ಆಕೆಯ ಬಾಲ್ಯಕ್ಕೆ ಸಾಕ್ಷಿ!

ಪ್ಯಾಟರ್ಸನ್‌ನ ಮಗಳು ಮತ್ತು ಅಳಿಯ ಹೆನ್ರಿ ಶೀಲ್ಡ್ಸ್ ಜಾರ್ಜಿಯಾದ ಕ್ಲೇಟನ್ ಕೌಂಟಿಯಲ್ಲಿ ಬೇಸಾಯ ಮಾಡುತ್ತಿದ್ದರು. ಮೆಲ್ವಿನಿಯಾ ಅಲ್ಲಿಗೆ ರವಾನೆಯಾದಳು. ಸುಮಾರು ಹದಿನೈದರ ವಯಸ್ಸಿನಲ್ಲಿ ಡಾಲ್ಫಸ್ ಎಂಬ ಮಗನನ್ನು ಹೆತ್ತಳು. 1870ರ ಜನಗಣತಿಯಲ್ಲಿ ಆಕೆ ಹೊಲದ ಕೂಲಿ. ನಾಲ್ವರು ಮಕ್ಕಳಲ್ಲಿ ಮೂವರು ‘ಮಿಶ್ರ ವರ್ಣ’ದವರು. ತಂದೆ ಬಿಳಿಯನೆಂಬುದು ಆ ಎರಡು ಪದಗಳಿಂದ ತಿಳಿಯುತ್ತದೆ, ಯಾರೆಂಬುದು ತಿಳಿಯುವುದಿಲ್ಲ. 2012ರಲ್ಲಿ ಪತ್ರಕರ್ತೆ ರೇಚಲ್ ಸ್ವಾರ್ನ್ಸ್ ಪ್ರಕಟಿಸಿದ ಪುಸ್ತಕ ಡಿಎನ್‌ಎ ಪರೀಕ್ಷೆಯ ಆಧಾರದಿಂದ ಹೆನ್ರಿಯ ಮಗ ಚಾರ್ಲ್ಸ್‌ನತ್ತ ಬೆರಳು ತೋರಿತು. ಅವರಿಬ್ಬರ ಸಂಬಂಧ ಎಂಥದ್ದಿತ್ತು ಎಂಬುದನ್ನು ಯಾವ ಪರೀಕ್ಷೆಯೂ ಹೇಳಲಾರದು. ಆದರೆ ಬೇಡ ಎನ್ನುವ ಹಕ್ಕು ಗುಲಾಮ ಹುಡುಗಿಗೆ ಇರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಬಿಡುಗಡೆಯಾದ ಮೇಲೂ ಕೆಲಕಾಲ ಆಕೆ ಚಾರ್ಲ್ಸ್‌ನ ಜಮೀನಿನ ಪಕ್ಕದಲ್ಲೇ ಇದ್ದಳು. ಆಮೇಲೆ ಅದೇ ರಾಜ್ಯದ ಬಾರ್ಟೋ ಕೌಂಟಿಗೆ ಹೋದಳು. ಸೌತ್ ಕೆರೊಲಿನಾದ ಗುಲಾಮಗಿರಿಯ ದಿನಗಳಿಂದ ಪರಿಚಿತರಾದ ಈಸ್ಲಿ ದಂಪತಿ ಅಲ್ಲಿದ್ದರು. ಅವರ ಮಗಳು ಆಲಿಸ್‌ಳನ್ನೇ ಡಾಲ್ಫಸ್ ಮದುವೆಯಾದ. ಬರ್ಮಿಂಗ್‌ಹ್ಯಾಮ್ ನಗರಕ್ಕೆ ಹೋಗಿ ಬಡಗಿಯಾದ ಆತ 1950ರವರೆಗೆ ಬದುಕಿದ್ದ.

1890ರ ಜನಗಣತಿಯ ಬಹುಪಾಲು ಹಾಳೆಗಳು 1921ರಲ್ಲಿ ವಾಷಿಂಗ್ಟನ್ನಿನ ಬೆಂಕಿಗೆ ಸಿಕ್ಕಿ ಹಾಳಾದ್ದರಿಂದ ಆ ವರ್ಷಗಳ ಜಾಡು ಯಾರಿಗೇ ಆದರೂ ಕಷ್ಟವೇ. ಮೆಲ್ವಿನಿಯಾ ತೀರಿಕೊಂಡದ್ದು 1938ರಲ್ಲಿ, ಜಾರ್ಜಿಯಾದ ಕಿಂಗ್‌ಸ್ಟನ್‌ನಲ್ಲಿ. ಮರಣಪತ್ರದಲ್ಲಿ ತಂದೆತಾಯಿಯ ಹೆಸರು ಕೇಳಿದ ಕಡೆ ‘ಗೊತ್ತಿಲ್ಲ’ ಎಂದಿದೆ.