ಪರೀಕ್ಷೆಗೆ ಮುಂಚಿನ ಪರೀಕ್ಷೆ: ಅಭ್ಯಾಸ ಪತ್ರಿಕೆಗಳು ಸಾಗಿಬಂದ ದಾರಿ

ಉರ್ದು ಪಠ್ಯಪುಸ್ತಕಗಳಲ್ಲಿ ಪಾಠದ ಕೊನೆಗೆ 'ಮಶ್ಕ್' ಎಂಬ ಭಾಗವಿರುತ್ತದೆ. ಕನ್ನಡ ಪುಸ್ತಕಗಳಲ್ಲಿ ಅದನ್ನೇ 'ಅಭ್ಯಾಸ' ಎನ್ನುತ್ತೇವೆ. ಹೆಸರು ಬೇರೆಯಾದರೂ ಉದ್ದೇಶ ಒಂದೇ. ಓದಿದ್ದು ನಿಜವಾಗಿ ತಲೆಗೆ ಹತ್ತಿದೆಯೇ ಎಂದು ಕಲಿಯುವವನೇ ತನ್ನನ್ನು ಪರೀಕ್ಷಿಸಿಕೊಳ್ಳಬೇಕು. ಇಂದು ಪದವಿ ಮುಗಿಸಿ ಎಂ.ಟೆಕ್., ಎಂ.ಬಿ.ಎ. ಅಥವಾ ವಿದೇಶದ ಎಂ.ಎಸ್. ಪ್ರವೇಶಕ್ಕೆ ಸಿದ್ಧತೆ ನಡೆಸುವವರ ಬಾಯಲ್ಲಿ 'ಆನ್‌ಲೈನ್ ಮಾಕ್ ಟೆಸ್ಟ್' ಎಂಬ ಮಾತು ಕೇಳುತ್ತೇವಲ್ಲ, ಅದು ಈ ಮಶ್ಕ್‌ನ ಹೊಸ ರೂಪವೇ ಆಗಿದೆ.

ಇಂದು ಮೊಬೈಲ್ ಹಿಡಿದ ಯಾವ ಹುಡುಗನಿಗಾದರೂ, ಹುಡುಗಿಗಾದರೂ ಇದು ಸಿಗುತ್ತದೆ. ಆದರೆ ಮೊದಲಿನಿಂದ ಹೀಗಿರಲಿಲ್ಲ. ಪರೀಕ್ಷೆ ಹೇಗಿರುತ್ತದೆ ಎಂಬುದನ್ನು ಮುಂಚಿತವಾಗಿ ತಿಳಿಯುವ ಅವಕಾಶ ಯಾರಿಗೆ ಇರಬೇಕು ಎಂಬ ಪ್ರಶ್ನೆಯ ಮೇಲೆ ದಶಕಗಳ ಕಾಲ ಜಗಳ ನಡೆದಿದೆ, ಕಾನೂನು ಬಂದಿದೆ, ಮೊಕದ್ದಮೆಗಳಾಗಿವೆ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಗಳಲ್ಲಿ ಹೆಸರಾದ ಅಮೆರಿಕದ ಜಿಆರ್‌ಇ ಪರೀಕ್ಷೆಯನ್ನು ಮುಂದಿಟ್ಟುಕೊಂಡು ಆ ಇತಿಹಾಸವನ್ನು ಸಂಕ್ಷಿಪ್ತವಾಗಿ ನೋಡೋಣ.

ಮುಚ್ಚಿದ ಲಕೋಟೆಯ ಕಾಲ

ಜಿಆರ್‌ಇ ಆರಂಭವಾದದ್ದು 1936ರಲ್ಲಿ. ಕಾರ್ನೆಗಿ ಪ್ರತಿಷ್ಠಾನ ಮತ್ತು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ ಎಂಬ ನಾಲ್ಕು ವಿಶ್ವವಿದ್ಯಾಲಯಗಳು ಕೂಡಿ ಒಂದು ಪ್ರಯೋಗವೆಂದು ಇದನ್ನು ಶುರು ಮಾಡಿದವು. ಬೇರೆ ಬೇರೆ ಕಾಲೇಜುಗಳ ಪದವೀಧರರನ್ನು ಒಂದೇ ಅಳತೆಗೋಲಿನಿಂದ ಅಳೆಯುವುದು ಇದರ ಉದ್ದೇಶ. 1947ರಲ್ಲಿ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್, ಅಂದರೆ ಇಟಿಎಸ್ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷ ಜಿಆರ್‌ಇ ಅದರ ಕೈಗೆ ಬಂತು.

ಆಗ ಪರೀಕ್ಷೆ ನಡೆಸುವವರ ನಂಬಿಕೆ ಹೀಗಿತ್ತು: ಇವು ಮನುಷ್ಯನ ಸಹಜ ಸಾಮರ್ಥ್ಯವನ್ನು ಅಳೆಯುವ ಪರೀಕ್ಷೆಗಳು, ಇವಕ್ಕೆ ತಯಾರಿ ಮಾಡಿ ಪ್ರಯೋಜನವಿಲ್ಲ. ಆದ್ದರಿಂದ ಹಳೆಯ ಪ್ರಶ್ನೆಪತ್ರಿಕೆಗಳು ಗುಟ್ಟಾಗಿಯೇ ಉಳಿಯುತ್ತಿದ್ದವು. ಬರೆದು ಬಂದವನಿಗೂ ತಾನು ಎಲ್ಲಿ ತಪ್ಪಿದೆ ಎಂದು ತಿಳಿಯುತ್ತಿರಲಿಲ್ಲ. ಅಂಕ ಮಾತ್ರ ಅಂಚೆಯಲ್ಲಿ ಬರುತ್ತಿತ್ತು.

ನೆಲಮಾಳಿಗೆಯ ಮೇಷ್ಟರು

ಈ ನಂಬಿಕೆಯನ್ನು ಪ್ರಶ್ನಿಸಿದವರು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಸ್ಟಾನ್ಲಿ ಕಪ್ಲಾನ್. 1938ರಲ್ಲಿ ತಂದೆತಾಯಿಯ ಮನೆಯ ನೆಲಮಾಳಿಗೆಯಲ್ಲಿ ಮನೆಪಾಠ ಆರಂಭಿಸಿದ ಇವರು, 1946ರಿಂದ ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಗೂ ಪಾಠ ಹೇಳತೊಡಗಿದರು. ಇವರ ಬಳಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಆ ಬಡಾವಣೆಯ ಸಾಮಾನ್ಯ ಕುಟುಂಬಗಳ, ವಲಸೆ ಬಂದವರ ಮಕ್ಕಳು. ಪರೀಕ್ಷೆ ಮುಗಿದ ದಿನ ಕಪ್ಲಾನ್ ಮಕ್ಕಳಿಗೆ ತಿಂಡಿ ಕೊಟ್ಟು ಕೂರಿಸಿ ಮಾತನಾಡಿಸುತ್ತಿದ್ದರು. ನೆನಪಿದ್ದ ಪ್ರಶ್ನೆಗಳನ್ನು ಅವರು ಹೇಳಿಕೊಳ್ಳುವಾಗ ಗುರುತು ಹಾಕಿಕೊಂಡು ಅಂಥದೇ ಅಭ್ಯಾಸ ಪ್ರಶ್ನೆಗಳನ್ನು ತಯಾರಿಸುತ್ತಿದ್ದರು.

ಪರೀಕ್ಷಾ ಸಂಸ್ಥೆಗಳಿಗೆ ಇದು ಹಿಡಿಸಲಿಲ್ಲ. ಆದರೆ 1979ರಲ್ಲಿ ಅಮೆರಿಕ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್ ನಡೆಸಿದ ಅಧ್ಯಯನದಲ್ಲಿ, ಇಂಥ ತರಬೇತಿಯಿಂದ ಅಂಕಗಳು ಸ್ವಲ್ಪ ಮಟ್ಟಿಗಾದರೂ ಏರುತ್ತವೆ ಎಂಬುದು ಕಂಡುಬಂತು. ಇಲ್ಲಿ ಒಂದು ಸಂಕಟವೂ ಇತ್ತು. ಅಭ್ಯಾಸದಿಂದ ಲಾಭವಿದೆ ಎಂದಾದರೆ, ಆ ಅಭ್ಯಾಸವನ್ನು ಹಣ ಕೊಟ್ಟು ಕೊಳ್ಳಲಾರದ ವಿದ್ಯಾರ್ಥಿಯ ಗತಿಯೇನು?

ಕಾನೂನು ತೆರೆದ ಬಾಗಿಲು

ಅದೇ 1979ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆ ಒಂದು ಕಾನೂನು ಮಾಡಿತು. ಪರೀಕ್ಷೆಯಲ್ಲಿ ಪ್ರಾಮಾಣಿಕತೆಯ ಕಾನೂನು ಎಂದು ಜನ ಕರೆದ ಇದು 1980ರ ಜನವರಿಯಿಂದ ಜಾರಿಗೆ ಬಂತು. ಪ್ರವೇಶ ಪರೀಕ್ಷೆ ಬರೆದವರು ಕೇಳಿದರೆ ಪ್ರಶ್ನೆ, ಸರಿಯುತ್ತರ ಮತ್ತು ಅವರ ಸ್ವಂತ ಉತ್ತರಗಳನ್ನು ತೋರಿಸಬೇಕೆಂದು ಇದು ವಿಧಿಸಿತು. ಪರೀಕ್ಷಾ ಸಂಸ್ಥೆಗಳು ಬಲವಾಗಿ ವಿರೋಧಿಸಿದರೂ ಕಾನೂನು ನಿಂತಿತು.

ಬಾಗಿಲು ತೆರೆದದ್ದರ ಫಲ ಬಹುಬೇಗ ಕಂಡಿತು. 1980ರ ಅಕ್ಟೋಬರಿನಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳು ಬರೆದ ಪಿಎಸ್‌ಎಟಿ ಎಂಬ ಪರೀಕ್ಷೆಯಲ್ಲಿ ಒಂದು ಗಣಿತದ ಪ್ರಶ್ನೆಯಿತ್ತು. ಚೌಕ ತಳದ ಪಿರಮಿಡ್ಡಿಗೆ ನಾಲ್ಕು ಸಮಬಾಹು ತ್ರಿಕೋನಗಳ ಇನ್ನೊಂದು ಘನಾಕೃತಿಯನ್ನು ಒಂದು ಮುಖಕ್ಕೆ ಮುಖ ಸೇರಿಸಿ ಅಂಟಿಸಿದರೆ ಹೊರಗೆ ಎಷ್ಟು ಮುಖಗಳು ಉಳಿಯುತ್ತವೆ? ಐದು ಮತ್ತು ನಾಲ್ಕು ಸೇರಿ ಒಂಬತ್ತು, ಅಂಟಿದ ಎರಡನ್ನು ಕಳೆದರೆ ಏಳು ಎಂದು ಪ್ರಶ್ನೆ ತೆಗೆದವರು ಬರೆದಿದ್ದರು. ಫ್ಲಾರಿಡಾದ ಒಬ್ಬ ವಿದ್ಯಾರ್ಥಿ ಐದು ಎಂದು ಬರೆದ. ಪತ್ರಿಕೆ ಕೈಗೆ ಬಂದಾಗ ತನ್ನ ಉತ್ತರಕ್ಕೆ ತಪ್ಪು ಹಾಕಿರುವುದನ್ನು ಕಂಡು ಸುಮ್ಮನಾಗಲಿಲ್ಲ. ಎರಡು ಕಡೆ ಅಕ್ಕಪಕ್ಕದ ತ್ರಿಕೋನಗಳು ಒಂದೇ ಸಮತಲಕ್ಕೆ ಬಂದು ಒಂದೇ ಮುಖವಾಗುತ್ತವೆ ಎಂದು ತೋರಿಸಿಕೊಟ್ಟ. 1981ರಲ್ಲಿ ಇಟಿಎಸ್ ತಪ್ಪನ್ನು ಒಪ್ಪಿಕೊಂಡು ಸುಮಾರು ಎರಡೂವರೆ ಲಕ್ಷ ವಿದ್ಯಾರ್ಥಿಗಳ ಅಂಕ ತಿದ್ದಿತು. ಪತ್ರಿಕೆ ಲಕೋಟೆಯಲ್ಲೇ ಉಳಿದಿದ್ದರೆ ಈ ನ್ಯಾಯ ಎಲ್ಲಿ ಸಿಗುತ್ತಿತ್ತು?

ಹಿಂದಿನ ಪ್ರಶ್ನೆಗಳು ಬಯಲಿಗೆ ಬಂದ ಮೇಲೆ ಪರೀಕ್ಷಾ ಸಂಸ್ಥೆಗಳೇ ಅವನ್ನು ಪುಸ್ತಕ ಮಾಡಿ ಮಾರತೊಡಗಿದವು. ನಿಜವಾದ ಪ್ರಶ್ನೆಗಳ ಅಭ್ಯಾಸ ಎಲ್ಲರಿಗೂ ಸಿಗುವಂತಾಯಿತು.

ಕಂಪ್ಯೂಟರ್ ಬಂದ ಮೇಲೆ

1992ರಲ್ಲಿ ಜಿಆರ್‌ಇ ಕಂಪ್ಯೂಟರಿಗೆ ಬಂತು. 1993ರಿಂದ ಅದು ಹೊಸ ರೂಪ ತಾಳಿತು. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿಣ, ತಪ್ಪಾದರೆ ಸುಲಭ. ಒಮ್ಮೆ ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ಮರಳುವಂತಿಲ್ಲ. ಹೀಗಾಗಿ ಕಾಗದದ ಮೇಲಿನ ಅಭ್ಯಾಸ ಸಾಲದಾಯಿತು, ಯಂತ್ರದ ಮುಂದೆಯೇ ಕುಳಿತು ರೂಢಿ ಮಾಡಿಕೊಳ್ಳಬೇಕಾಯಿತು. ಇದಕ್ಕಾಗಿ ಇಟಿಎಸ್ 'ಪವರ್‌ಪ್ರೆಪ್' ಎಂಬ ತಂತ್ರಾಂಶ ಹೊರತಂದಿತು.

ಇದರ ಜೊತೆಗೆ ಹೊಸ ಅಪಾಯವೂ ಬಂತು. ದಿನವೂ ಪರೀಕ್ಷೆ ನಡೆಯುವಾಗ ಒಂದೇ ಭಂಡಾರದ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. 1994ರಲ್ಲಿ ಕಪ್ಲಾನ್ ಸಂಸ್ಥೆ ತನ್ನ ಸಿಬ್ಬಂದಿಯನ್ನೇ ಪರೀಕ್ಷೆಗೆ ಕಳುಹಿಸಿ, ಅವರು ನೆನಪಿಟ್ಟು ತಂದ ಪ್ರಶ್ನೆಗಳಿಂದ ಈ ದೌರ್ಬಲ್ಯವನ್ನು ತೋರಿಸಿತು. ಇಟಿಎಸ್ ಕೆಲವು ಪರೀಕ್ಷಾ ದಿನಗಳನ್ನು ಕಡಿತಗೊಳಿಸಿ ನ್ಯಾಯಾಲಯಕ್ಕೂ ಹೋಯಿತು. 2002ರಲ್ಲಿ ಚೀನಾ, ತೈವಾನ್, ದಕ್ಷಿಣ ಕೊರಿಯಾಗಳಲ್ಲಿ ಬರೆದು ಬಂದವರು ನೆನಪಿನಿಂದ ಜೋಡಿಸಿದ ಪ್ರಶ್ನೆಗಳು ಅಂತರ್ಜಾಲದಲ್ಲಿ ಹರಡಿದವು. ಚೀನಾದಲ್ಲಿ ಭಾಷಾ ವಿಭಾಗದ ಸರಾಸರಿ ಅಂಕ ಸುಮಾರು 100 ಏರಿತ್ತು ಎಂದು ಇಟಿಎಸ್ ಹೇಳಿತು. ಅಲ್ಲಿ ಕಂಪ್ಯೂಟರ್ ಪರೀಕ್ಷೆ ನಿಲ್ಲಿಸಿ ಮತ್ತೆ ಕಾಗದಕ್ಕೆ ಮರಳಿದರು. ಪ್ರಾಮಾಣಿಕವಾಗಿ ಓದಿದವರ ಅಂಕವನ್ನೂ ಜನ ಅನುಮಾನದಿಂದ ನೋಡುವಂತಾಯಿತು. ಅಭ್ಯಾಸ ಬೇರೆ, ಪ್ರಶ್ನೆ ಕದಿಯುವುದು ಬೇರೆ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಈ ಘಟನೆಯಿಂದ ತಿಳಿಯಬೇಕು.

2011ರ ಆಗಸ್ಟಿನಲ್ಲಿ ಜಿಆರ್‌ಇ ಮತ್ತೆ ಬದಲಾಯಿತು. ವಿರುದ್ಧಪದ ಮತ್ತು ಪದಸಂಬಂಧದ ಪ್ರಶ್ನೆಗಳನ್ನು ಕೈಬಿಟ್ಟರು. ಅಂಕಗಳ ಅಳತೆ 200–800ರಿಂದ 130–170ಕ್ಕೆ ಬಂತು. ಒಂದು ವಿಭಾಗದೊಳಗೆ ಹಿಂದೆ ಮುಂದೆ ಹೋಗುವ ಅವಕಾಶ ಸಿಕ್ಕಿತು. 2023ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯ ಅವಧಿಯನ್ನು 1 ಗಂಟೆ 58 ನಿಮಿಷಕ್ಕೆ ಇಳಿಸಿದರು: ಒಂದು ಪ್ರಬಂಧ, ಭಾಷೆಯ 27 ಪ್ರಶ್ನೆ, ಗಣಿತದ 27 ಪ್ರಶ್ನೆ. ಪವರ್‌ಪ್ರೆಪ್ ಕೂಡ ಆನ್‌ಲೈನ್ ಆಗಿ, ಎರಡು ಪೂರ್ಣ ಪರೀಕ್ಷೆಗಳನ್ನು ಉಚಿತವಾಗಿ ಒದಗಿಸಿತು.

ನಮ್ಮ ದೇಶದಲ್ಲಿ

ಭಾರತದಲ್ಲೂ ಇದೇ ಹೆಜ್ಜೆಗಳನ್ನು ಕಾಣಬಹುದು. ಐಐಎಂಗಳ ಪ್ರವೇಶಕ್ಕಾಗಿ ನಡೆಯುವ ಕ್ಯಾಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ 2003ರಲ್ಲಿ ಸೋರಿಕೆಯಾಗಿ, ಮರುಪರೀಕ್ಷೆ ನಡೆಸಬೇಕಾಯಿತು. 2009ರಲ್ಲಿ ಅದು ಕಂಪ್ಯೂಟರಿಗೆ ಬಂದಾಗ ಮೊದಲ ದಿನಗಳಲ್ಲಿ ಯಂತ್ರಗಳು ಕೈಕೊಟ್ಟು ಅನೇಕರಿಗೆ ತೊಂದರೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳು ಸರದಿಯಂತೆ ನಡೆಸುವ ಗೇಟ್ ಪರೀಕ್ಷೆ 2014ರಲ್ಲಿ ಪೂರ್ಣವಾಗಿ ಕಂಪ್ಯೂಟರ್ ಮೂಲಕ ನಡೆಯಿತು. ಗೇಟ್‌ನ ಹಿಂದಿನ ಪ್ರಶ್ನೆಪತ್ರಿಕೆಗಳು ಮತ್ತು ಅಭ್ಯಾಸ ಪರೀಕ್ಷೆ ಅಧಿಕೃತ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. 2022ರಲ್ಲಿ ಆರಂಭವಾದ ಸಿಯುಇಟಿ ಸ್ನಾತಕೋತ್ತರ ಪರೀಕ್ಷೆಗೂ ಅದನ್ನು ನಡೆಸುವ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ ಅಭ್ಯಾಸ ಪರೀಕ್ಷೆಗಳಿವೆ. ಬೀದರ್‌ನ ವಿದ್ಯಾರ್ಥಿಯೂ ಬೆಂಗಳೂರಿನ ವಿದ್ಯಾರ್ಥಿಯೂ ನೋಡುವುದು ಒಂದೇ ಪರದೆಯನ್ನು.

ಹೇಗೆ ಬಳಸಬೇಕು?

ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡಬೇಕಾದವರು ನಾವೇ. 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಓದಿದವರಿಗೆ ಶೇಕಡಾ 42, ಬರೆದವರಿಗೆ ಶೇಕಡಾ 56ರಷ್ಟು ನೆನಪಿತ್ತು. ಪರೀಕ್ಷೆ ಎಂಬುದು ಕಲಿತದ್ದನ್ನು ಅಳೆಯುವುದರ ಜೊತೆಗೆ ಕಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಕೆಲವು ಮಾತುಗಳನ್ನು ಗಮನದಲ್ಲಿಡಿ.

ಮೊದಲನೆಯದಾಗಿ, ನೀವು ಬಯಸುವ ವಿಭಾಗಕ್ಕೆ ಆ ಪರೀಕ್ಷೆ ಬೇಕೇ ಎಂದು ನೋಡಿ. 2020ರ ನಂತರ ಅಮೆರಿಕದ ಅನೇಕ ವಿಭಾಗಗಳು ಜಿಆರ್‌ಇ ಕಡ್ಡಾಯವಲ್ಲ ಎಂದಿವೆ.

ಎರಡನೆಯದಾಗಿ, ಅಧಿಕೃತ ಅಭ್ಯಾಸ ಪರೀಕ್ಷೆಗಳನ್ನು ಒಂದೇ ವಾರದಲ್ಲಿ ಮುಗಿಸಿಬಿಡಬೇಡಿ. ಎರಡೇ ಇದ್ದರೆ ಒಂದನ್ನು ಆರಂಭದಲ್ಲಿ, ಇನ್ನೊಂದನ್ನು ನಿಜವಾದ ಪರೀಕ್ಷೆಗೆ ಹತ್ತು ಹದಿನೈದು ದಿನ ಮುಂಚೆ ಬರೆಯಿರಿ. ಖಾಸಗಿ ಸಂಸ್ಥೆಗಳ ಪರೀಕ್ಷೆಗಳನ್ನು ನಡುವೆ ಬಳಸಬಹುದು. ಆದರೆ ಅಲ್ಲಿನ ಅಂಕ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಅವುಗಳ ಕಠಿಣತೆ ಒಂದೊಂದರಲ್ಲಿ ಒಂದೊಂದು ಬಗೆ. ಹಳೆಯ ಪುಸ್ತಕಗಳನ್ನು ಕೊಳ್ಳುವಾಗ ವರ್ಷ ನೋಡಿಕೊಳ್ಳಿ.

ಮೂರನೆಯದಾಗಿ, ಮೊಬೈಲ್ ದೂರವಿಟ್ಟು, ಗಡಿಯಾರ ಇಟ್ಟುಕೊಂಡು, ಒಂದೇ ಸಲ ಕುಳಿತು ಬರೆಯಿರಿ. ನಡುವೆ ಎದ್ದು ಬರೆದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು. ಅಂಕ ನೋಡಿ ಕಂಪ್ಯೂಟರ್ ಮುಚ್ಚಬೇಡಿ. ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ತಪ್ಪಿನ ಎದುರು ಕಾರಣ ಬರೆಯಿರಿ. ವಿಷಯ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಗಡಿಬಿಡಿಯಾಯಿತೋ, ಸಮಯ ಸಾಲಲಿಲ್ಲವೋ? ಮೊದಲನೆಯದಕ್ಕೆ ಓದು ಬೇಕು, ಎರಡನೆಯದಕ್ಕೆ ತಾಳ್ಮೆ, ಮೂರನೆಯದಕ್ಕೆ ಯಾವ ಪ್ರಶ್ನೆ ಬಿಡಬೇಕೆಂಬ ವಿವೇಕ. ಪರೀಕ್ಷೆಗೆ ಎರಡು ಗಂಟೆ ಕೊಟ್ಟರೆ ಈ ಕೆಲಸಕ್ಕೆ ಮೂರು ಗಂಟೆ ಕೊಡಿ. ಕನ್ನಡದಲ್ಲಿ 'ತಿದ್ದುವುದು' ಎಂದರೆ ಅಕ್ಷರದ ಮೇಲೆ ಮತ್ತೆ ಮತ್ತೆ ಬರೆಯುವುದೂ ಹೌದು, ತಪ್ಪನ್ನು ಸರಿಪಡಿಸುವುದೂ ಹೌದು. ಎರಡೂ ಸೇರಿದರೆ ಮಾತ್ರ ಅಭ್ಯಾಸ. ಕನ್ನಡ ಮತ್ತು ಉರ್ದು ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ವಿಭಾಗದ ಭಯ ಸಹಜ. ಆ ಭಯಕ್ಕೂ ಇದೇ ಮದ್ದು.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಪ್ರಶ್ನೆಗಳು ಉಚಿತವಾಗಿವೆ, ಆದರೆ ಎರಡು ಗಂಟೆಯ ನಿಶ್ಶಬ್ದ ಎಲ್ಲರ ಮನೆಯಲ್ಲೂ ಸಿಗುವುದಿಲ್ಲ. ಚಿಕ್ಕ ಮನೆ, ಒಂದೇ ಮೊಬೈಲ್, ಆಗಾಗ ಹೋಗುವ ಕರೆಂಟು. ಇವುಗಳ ನಡುವೆ ಓದುವ ಮಕ್ಕಳು, ಅದರಲ್ಲೂ ದೂರದ ಊರಿನ ಕೋಚಿಂಗ್‌ಗೆ ಹೋಗಲಾಗದ ಹೆಣ್ಣುಮಕ್ಕಳು, ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಭಾನುವಾರದಂದು ಶಾಲೆಯ ಕಂಪ್ಯೂಟರ್ ಕೋಣೆಯನ್ನು ಇವರಿಗಾಗಿ ತೆರೆದಿಟ್ಟು, ಮೇಲ್ವಿಚಾರಣೆಗೆ ಒಬ್ಬ ಶಿಕ್ಷಕರನ್ನು ನೇಮಿಸಿದರೆ ಸಾಕು. ಖರ್ಚು ಅಲ್ಪ, ಫಲ ದೊಡ್ಡದು.

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದಂತೆ ಎಂಬ ಮಾತು ನಮ್ಮ ಪಾಲಿಗೆ ನಿಜವಾಗದಿರಲಿ. ಮುಚ್ಚಿದ ಲಕೋಟೆಯನ್ನು ತೆರೆಸಲು ಹಿಂದಿನವರು ಹೋರಾಡಬೇಕಾಯಿತು. ತೆರೆದ ಪತ್ರಿಕೆಯ ಮುಂದೆ ಕುಳಿತು ಬರೆಯುವುದಷ್ಟೇ ನಮ್ಮ ವಿದ್ಯಾರ್ಥಿಗಳ ಪಾಲಿಗೆ ಉಳಿದಿರುವ ಕೆಲಸ. ಈ ವರ್ಷವೇ ಅದನ್ನು ಆರಂಭಿಸೋಣ.