ವಿಯೆಟ್ನಾಂ ಯೋಧರ ಸ್ಮಾರಕ

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿರುವ ಕರಿಕಲ್ಲಿನ ಗೋಡೆ. ವಿಯೆಟ್ನಾಂ ಯುದ್ಧದಲ್ಲಿ ಮಡಿದ ಹಾಗೂ ಕಾಣೆಯಾದ 58,000ಕ್ಕೂ ಹೆಚ್ಚು ಅಮೆರಿಕನ್ನರ ಹೆಸರುಗಳನ್ನು ಇದರ ಮೇಲೆ ಕೊರೆಯಲಾಗಿದೆ. 1981ರ ಮುಕ್ತ ಸ್ಪರ್ಧೆಗೆ ಬಂದ 1,421 ವಿನ್ಯಾಸಗಳಲ್ಲಿ ಗೆದ್ದದ್ದು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, 21 ವರ್ಷದ ಮಾಯಾ ಲಿನ್ ಅವರದು. 1982ರ ನವೆಂಬರ್ 13ರಂದು ಸ್ಮಾರಕ ಲೋಕಾರ್ಪಣೆಯಾಯಿತು.

ತಲೆಯೆತ್ತಿ ನೋಡಬೇಕಾದ ಸ್ತಂಭವಾಗಲಿ, ಕುದುರೆಯೇರಿದ ಸೇನಾನಿಯಾಗಲಿ ಇಲ್ಲಿಲ್ಲ. ತಲಾ ಸುಮಾರು 75 ಮೀಟರ್ ಉದ್ದದ ಎರಡು ಗೋಡೆಗಳು ನೆಲವನ್ನು ಸೀಳಿದಂತೆ ಇಳಿದು ಒಂದು ಕೋನದಲ್ಲಿ ಕೂಡುತ್ತವೆ. ಒಂದರ ತುದಿ ಲಿಂಕನ್ ಸ್ಮಾರಕದತ್ತ, ಇನ್ನೊಂದರದು ವಾಷಿಂಗ್ಟನ್ ಸ್ತಂಭದತ್ತ ಚಾಚಿದೆ. ತುದಿಯಲ್ಲಿ ಗೋಡೆ ಗೇಣುದ್ದವೂ ಇಲ್ಲ. ದಾರಿ ಮೆಲ್ಲಗೆ ಇಳಿಯುತ್ತಾ ಹೋದಂತೆ ಹೆಸರುಗಳ ಸಾಲು ಮೊಣಕಾಲು, ಎದೆ, ತಲೆಯ ಮಟ್ಟ ದಾಟಿ, ಕೂಡುವ ಕಡೆ ಮೂರು ಮೀಟರ್ ಎತ್ತರಕ್ಕೆ ಏರುತ್ತದೆ. ಯುದ್ಧದ ಸಾವುಗಳು ಎಷ್ಟೆಂಬುದನ್ನು ನೋಡುಗರು ಮೊದಲು ಅರಿಯುವುದು ತಮ್ಮ ಮೈಯಳತೆಯಲ್ಲೇ.

ಹೆಸರುಗಳು ಅಕಾರಾದಿಯಾಗಿಲ್ಲ, ಸಾವಿನ ಕಾಲಾನುಕ್ರಮದಲ್ಲಿವೆ. ಹುದ್ದೆಯ ಉಲ್ಲೇಖವೂ ಇಲ್ಲ. ಪಟ್ಟಿ ನಡುಕೋನದಲ್ಲಿ 1959ರಿಂದ ಆರಂಭವಾಗಿ ಬಲತುದಿ ಮುಟ್ಟುತ್ತದೆ, ಮತ್ತೆ ಎಡತುದಿಯಿಂದ ಮುಂದುವರಿದು 1975ಕ್ಕೆ ಅದೇ ನಡುಕೋನದಲ್ಲಿ ಮುಗಿಯುತ್ತದೆ. ಹೀಗಾಗಿ ಒಂದೇ ದಿನ ಒಟ್ಟಿಗೆ ಬಿದ್ದವರು ಕಲ್ಲಿನಲ್ಲೂ ಅಕ್ಕಪಕ್ಕದಲ್ಲಿದ್ದಾರೆ. ಬದುಕುಳಿದ ಯೋಧನಿಗೆ ತನ್ನ ಸಂಗಾತಿಗಳನ್ನು ಒಂದೆಡೆ ಕಾಣಲು ಇದಕ್ಕಿಂತ ಮಾನವೀಯವಾದ ಕ್ರಮ ಬೇರೊಂದಿಲ್ಲ.

ಈ ಕಲ್ಲು ಕರ್ನಾಟಕದ್ದು. ಬೆಂಗಳೂರು ಸುತ್ತಿನ ಗಣಿಯಿಂದ ಹೋದ ಕಪ್ಪು ಗ್ರಾನೈಟನ್ನು ವರ್ಮಾಂಟ್ ರಾಜ್ಯದ ಬ್ಯಾರಿಯಲ್ಲಿ ಕೊಯ್ದು ಹೊಳಪು ಕೊಡಲಾಯಿತು. ಸ್ಮಾರಕದ ಅನುಭವವೆಲ್ಲ ನಿಂತಿರುವುದು ಈ ಹೊಳಪಿನ ಮೇಲೆ: ಹೆಸರು ಓದುವವರ ಮುಖ, ಹಿಂದಿನ ಮರ, ಮೋಡಗಳೆಲ್ಲ ಅದೇ ಹೆಸರುಗಳ ನಡುವೆ ಪ್ರತಿಫಲಿಸುತ್ತವೆ. ನುಣುಪಾದ ಕಲ್ಲಿನಲ್ಲಿ ಕೊರೆದ ಅಕ್ಷರ ಬೆರಳಿಗೆ ಒರಟಾಗಿ ಸಿಗುತ್ತದೆ. ಬಂಧುಗಳು ಹೆಸರನ್ನು ಸವರುತ್ತಾರೆ, ಅದರ ಮೇಲೆ ಕಾಗದವಿಟ್ಟು ಸೀಸದಕಡ್ಡಿಯಿಂದ ಉಜ್ಜಿ ಅಚ್ಚು ತೆಗೆದುಕೊಂಡು ಹೋಗುತ್ತಾರೆ. ಪತ್ರ, ಪದಕ, ಬೂಟುಗಳನ್ನು ಗೋಡೆಯ ಬುಡದಲ್ಲಿ ಇಟ್ಟವರೂ ಅನೇಕರು. ರಾಷ್ಟ್ರೀಯ ಉದ್ಯಾನ ಸೇವೆ ಇಂಥ ವಸ್ತುಗಳನ್ನು ಸಂಗ್ರಹಿಸಿಡುತ್ತಾ ಬಂದಿದೆ.

ವಿನ್ಯಾಸ ಪ್ರಕಟವಾದಾಗ ತೀವ್ರ ವಿರೋಧವೆದ್ದಿತು. ಕಪ್ಪು ಬಣ್ಣವೂ ನೆಲದೊಳಗೆ ಇಳಿದ ಆಕಾರವೂ ಯೋಧರಿಗೆ ಅವಮಾನವೆಂದು ಕೆಲವು ಮಾಜಿ ಸೈನಿಕರೇ ದೂರಿದರು. ರಾಜಿಯಾಗಿ ಫ್ರೆಡರಿಕ್ ಹಾರ್ಟ್ ರೂಪಿಸಿದ ಮೂವರು ಸೈನಿಕರ ಕಂಚಿನ ಪ್ರತಿಮೆ 1984ರಲ್ಲಿ ಸೇರಿತು. ಅದನ್ನು ಗೋಡೆಯ ನಡುಕೋನದಲ್ಲಿ ಇಡದೆ ತುಸು ದೂರದಲ್ಲಿ ನಿಲ್ಲಿಸಿದ್ದು ವಿವೇಕದ ನಿರ್ಧಾರ. ಯುದ್ಧದಲ್ಲಿ ಸೇವೆ ಸಲ್ಲಿಸಿದ ಮಹಿಳೆಯರ ಸ್ಮಾರಕವನ್ನು 1993ರಲ್ಲಿ ಸಮೀಪದಲ್ಲೇ ಸ್ಥಾಪಿಸಲಾಯಿತು.