ಅಮೆರಿಕದ ಪಶ್ಚಿಮ ವಲಸೆ: ಬಂಡಿಗಳು ಪರ್ವತ ದಾಟಿದ ಬಗೆ

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮಿಸೌರಿ ನದಿಯ ತೀರದಿಂದ ಆರೆಗನ್, ಕ್ಯಾಲಿಫೋರ್ನಿಯಾಗಳತ್ತ ಹೊರಟ ವಲಸೆಗಾರರ ಎತ್ತಿನ ಬಂಡಿಗಳು ಸುಮಾರು 3,200 ಕಿಲೋಮೀಟರು ಸಾಗಬೇಕಾಗಿತ್ತು. ದಾರಿಗಡ್ಡವಾಗಿ ಮೊದಲು ರಾಕಿ ಪರ್ವತಗಳು, ಕೊನೆಯಲ್ಲಿ ಸಿಯೆರಾ ನೆವಾಡಾ ಇಲ್ಲವೆ ಕ್ಯಾಸ್ಕೇಡ್ ಶ್ರೇಣಿ ನಿಂತಿದ್ದವು.

ರಾಕಿಯನ್ನು ದಾಟುವುದು ಅಷ್ಟು ಕಷ್ಟವಾಗಲಿಲ್ಲ. ಇಂದಿನ ವಯೋಮಿಂಗ್‌ನಲ್ಲಿರುವ ಸೌತ್ ಪಾಸ್ ಸುಮಾರು 2,260 ಮೀಟರು ಎತ್ತರದಲ್ಲಿದ್ದರೂ ಅದರ ಏರು ತೀರ ನಿಧಾನವಾದದ್ದು. ಮೂಲನಿವಾಸಿಗಳಿಗೆ ಬಹುಕಾಲದಿಂದ ಗೊತ್ತಿದ್ದ ಈ ಕಣಿವೆಯನ್ನು 1812ರಲ್ಲಿ ರಾಬರ್ಟ್ ಸ್ಟುವರ್ಟ್‌ನ ತುಪ್ಪಳ ವ್ಯಾಪಾರಿಗಳ ತಂಡ ಹಾದುಹೋಯಿತು. 1832ರಲ್ಲಿ ಸೇನಾಧಿಕಾರಿ ಬೊನ್‌ವಿಲ್ ಇಲ್ಲಿ ಬಂಡಿಗಳನ್ನೇ ದಾಟಿಸಿದ.

ನಿಜವಾದ ಪರೀಕ್ಷೆ ಸಿಯೆರಾ ನೆವಾಡಾದ್ದು. ಅದರ ಪೂರ್ವದ ಮುಖ ಗೋಡೆಯಂತೆ ಕಡಿದಾಗಿದೆ. ವಲಸೆಗಾರರು ಅಲ್ಲಿಗೆ ಮುಟ್ಟುವ ಹೊತ್ತಿಗೆ ಎತ್ತುಗಳು ಬಡಕಲಾಗಿ, ಹಿಮ ಬೀಳುವ ಕಾಲವೂ ಹತ್ತಿರವಾಗಿರುತ್ತಿತ್ತು. 1841ರಲ್ಲಿ ಬಂದ ಬಿಡ್‌ವೆಲ್–ಬಾರ್ಟಲ್‌ಸನ್ ತಂಡ ಬಂಡಿಗಳನ್ನು ಮರುಭೂಮಿಯಲ್ಲೇ ಬಿಟ್ಟು ಪರ್ವತ ದಾಟಿತು. ಬಂಡಿಗಳೊಂದಿಗೆ ದಾಟಿದ ಮೊದಲಿಗರು 1844ರ ಸ್ಟೀವನ್ಸ್–ಟೌನ್‌ಸೆಂಡ್–ಮರ್ಫಿ ತಂಡದವರು. ಅವರಿಗೆ ನದಿಯ ಜಾಡು ತೋರಿಸಿದವನು ಪೈಯೂಟ್ ಬುಡಕಟ್ಟಿನ ಮುಖಂಡ ಟ್ರಕಿ. ಆ ನದಿಗೆ ಇಂದಿಗೂ ಅವನದೇ ಹೆಸರು. ನವೆಂಬರಿನ ಹಿಮದಲ್ಲಿ ಆರು ಬಂಡಿಗಳನ್ನು ಕೆರೆಯೊಂದರ ಬಳಿ ಬಿಟ್ಟು ಐದನ್ನು ಮೇಲೇರಿಸಲು ಹೊರಟಾಗ ಬಂಡೆಯ ಅಂಚೊಂದು ಅಡ್ಡವಾಯಿತು. ಅದರಲ್ಲಿ ಇಕ್ಕಟ್ಟಾದ ಸಂದೊಂದನ್ನು ಹುಡುಕಿ, ನೊಗ ಬಿಚ್ಚಿದ ಎತ್ತುಗಳನ್ನು ಒಂದೊಂದಾಗಿ ಹತ್ತಿಸಿದರು. ಮೇಲೆ ಮತ್ತೆ ನೊಗ ಹೂಡಿ, ಸರಪಳಿ ಇಳಿಬಿಟ್ಟು ಬಂಡಿಗಳನ್ನು ಎಳೆಸಿದರು; ಗಂಡಸರು ಕೆಳಗಿನಿಂದ ಹೆಗಲು ಕೊಟ್ಟರು. ಆ ತಂಡದಲ್ಲಿ ಒಬ್ಬರೂ ಸಾಯಲಿಲ್ಲ ಎಂಬುದು ಈ ವಲಸೆಯ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಮನ್ನಣೆ ಪಡೆದಿಲ್ಲ.

ಅವರು ದಾಟಿದ ಕಣಿವೆಗೆ ಹೆಸರು ಉಳಿದದ್ದು ಮಾತ್ರ 1846ರ ಡಾನರ್ ತಂಡದ್ದು. ಹತ್ತಿರದ ದಾರಿಯೆಂದು ನಂಬಿ ಹೇಸ್ಟಿಂಗ್ಸ್ ಕಟಾಫ್ ಹಿಡಿದ ಆ ತಂಡ ವಾಸಾಚ್ ಬೆಟ್ಟಗಳಲ್ಲಿ ಕಾಡು ಕಡಿದು ದಾರಿ ಮಾಡಿಕೊಳ್ಳುವುದರಲ್ಲೇ ಅಮೂಲ್ಯ ದಿನಗಳನ್ನು ಕಳೆದುಕೊಂಡು ಸಿಯೆರಾದ ಹಿಮದಲ್ಲಿ ಸಿಕ್ಕಿಬಿತ್ತು. 87 ಮಂದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತರು. ಅದೇ ವರ್ಷ ಬೇಗ ಬಂದ ತಂಡಗಳು ದಕ್ಷಿಣಕ್ಕಿರುವ ರೋಲರ್ ಪಾಸ್‌ನಲ್ಲಿ ದಾಟಿದ್ದವು. ನೆತ್ತಿಯ ಅಂಚಿನಲ್ಲಿ ಮರದ ದಿಮ್ಮಿಗಳನ್ನಿಟ್ಟು, ಅವುಗಳ ಮೇಲೆ ಸರಪಳಿ ಉರುಳುವಂತೆ ಮಾಡಿ, ಹಲವು ಜೋಡಿ ಎತ್ತುಗಳಿಂದ ಬಂಡಿಗಳನ್ನು ಎಳೆಸುತ್ತಿದ್ದುದರಿಂದ ಆ ಹೆಸರು ಬಂತು.

ಹತ್ತುವುದಕ್ಕಿಂತ ಇಳಿಯುವುದು ಕೆಲವೆಡೆ ಹೆಚ್ಚು ಅಪಾಯಕರವಾಗಿತ್ತು. ಆರೆಗನ್‌ನ ಹುಡ್ ಪರ್ವತದ ಮಗ್ಗುಲಲ್ಲಿ 1846ರಲ್ಲಿ ತೆರೆದ ಬಾರ್ಲೋ ರಸ್ತೆಯ ಲಾರೆಲ್ ಹಿಲ್ ಇಳಿಜಾರಿನಲ್ಲಿ ಹಗ್ಗವನ್ನು ಮರಕ್ಕೆ ಸುತ್ತಿ ಬಂಡಿಯನ್ನು ಸ್ವಲ್ಪಸ್ವಲ್ಪವೇ ಬಿಡುತ್ತಿದ್ದರು. ವೇಗ ತಡೆಯಲು ಕಡಿದ ಮರವನ್ನೇ ಹಿಂದೆ ಕಟ್ಟುತ್ತಿದ್ದರು. ಈ ರಸ್ತೆ ಬರುವ ಮೊದಲು ಬಂಡಿಗಳನ್ನು ತೆಪ್ಪಗಳಲ್ಲಿಟ್ಟು ಕೊಲಂಬಿಯಾ ನದಿಯ ಸೆಳವಿನಲ್ಲಿ ಸಾಗಿಸಬೇಕಿತ್ತು.

1848ರಲ್ಲಿ ಮಾರ್ಮನ್ ತಂಡವೊಂದು ಸಿಯೆರಾದಲ್ಲಿ ಕಾರ್ಸನ್ ಪಾಸ್ ದಾರಿಯನ್ನು ತೆರೆದ ಮೇಲೆ, ಚಿನ್ನ ಅರಸಿ ಬಂದವರಲ್ಲಿ ಬಹಳಷ್ಟು ಮಂದಿ ಅದನ್ನೇ ಹಿಡಿದರು. ಮುಂದೆ ಸೆಂಟ್ರಲ್ ಪೆಸಿಫಿಕ್ ರೈಲು ಕಂಪನಿಯ ಚೀನೀ ಕಾರ್ಮಿಕರು ಡಾನರ್ ಕಣಿವೆಯ ಕಗ್ಗಲ್ಲನ್ನು ಕೊರೆದು ಸುರಂಗ ಮಾಡಿದರು. 1869ರ ಮೇ 10ರಂದು ಖಂಡದ ಎರಡೂ ಬದಿಯ ರೈಲುಹಳಿಗಳು ಯೂಟಾದ ಪ್ರಾಮಂಟರಿಯಲ್ಲಿ ಕೂಡಿದವು.